ದೋಣಿ ಮೋಟರನ್ನು ಇಡುವ ಬಗೆ

ನನ್ನ ಹೆಂಡತಿ ತೀರಿಕೊಂಡ ಐದನೆಯ ದಿನ ನನಗೆ ಮೊದಲ ಸಲ ಆ ಮೋಟರಿನ ಮೇಲೆ ಸಿಟ್ಟು ಬಂತು. ಮಾತನಾಡಿಸಲು ಬಂದವರೆಲ್ಲ ಎದ್ದು ಹೋಗಿದ್ದರು. ಪಡಸಾಲೆಯಲ್ಲಿ ನಾನೊಬ್ಬನೇ ಕುಳಿತಿದ್ದೆ. ಎದುರಿಗೆ ಮರದ ಸ್ಟ್ಯಾಂಡಿನ ಮೇಲೆ ಊರ ದೋಣಿಯ ಮೋಟರು ತೂಗುತ್ತಿತ್ತು. ಅದರ ರೆಕ್ಕೆಗೆ ವರದಾ ಹೊಳೆಯ ಕೆಸರು ಅಂಟಿಕೊಂಡು ಒಣಗಿತ್ತು. ತೊಳೆಯಬೇಕಾದವಳು ಇರಲಿಲ್ಲ. ತೊಳೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಒಂದೇ ಸೂರಿನಡಿ ಆ ಮೋಟರಿನ ಜೊತೆ ಇದ್ದೆ, ಒಂದು ದಿನವೂ ಅದರ ಹತ್ತಿರ ಹೋಗಿ ಇದೇನು, ಹೇಗೆ ಎಂದು ಅವಳನ್ನು ಕೇಳಿರಲಿಲ್ಲ.

ನಾನು ದರ್ಜಿ. ಹಾನಗಲ್ಲಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತೇನೆ. ನಮ್ಮೂರು ವರದಾ ದಂಡೆಯ ಮೇಲಿದೆ. ಅರ್ಧ ಊರಿನ ಹೊಲಗಳು ಆಚೆ ದಂಡೆಗಿವೆ, ಹದಿನೈದಿಪ್ಪತ್ತು ಮನೆಗಳೂ ಅಲ್ಲಿವೆ. ಹೊಳೆಗೆ ಅಡ್ಡ ಕಟ್ಟಿದ ಬಾಂದಾರವೇ ದಾಟುವ ದಾರಿ, ಅದರ ಮೇಲೆ ನೀರು ಹತ್ತಿತೆಂದರೆ ಅವರ ಪಾಡು ಅವರಿಗೆ, ನಮ್ಮ ಪಾಡು ನಮಗೆ. ಒಂದು ವರ್ಷ ಹೊಳೆ ಬಹಳ ಬಂದು, ದಿನ ತುಂಬಿದ ಬಸುರಿಯನ್ನು ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಕೂರಿಸಿಕೊಂಡು ಈಜುಗಾರರು ಈಚೆಗೆ ತಂದರು. ಅದಾದ ಮೇಲೆ ತಾಲೂಕಿನಿಂದ ಊರಿಗೊಂದು ಫೈಬರ್ ದೋಣಿ ಬಂತು, ಅದರ ಹಿಂಬದಿಗೆ ಸಿಕ್ಕಿಸುವ ಪೆಟ್ರೋಲ್ ಮೋಟರು ಬಂತು. ಅದನ್ನು ನಡೆಸುವುದು, ಕಾಯುವುದು ಹೇಗೆಂದು ಕಲಿಸಲು ಕಡಲ ಕಡೆಯ ಮನುಷ್ಯನೊಬ್ಬ ಎರಡು ದಿನದ ಮಟ್ಟಿಗೆ ಬಂದ. ಆಗ ಭತ್ತದ ಬಿತ್ತನೆ. ಗಂಡಸರು ಯಾರೂ ಹೊಲ ಬಿಟ್ಟು ಬರಲಿಲ್ಲ. ತರಬೇತಿ ಆಯಿತೆಂದು ರುಜು ಹಾಕಲಿಕ್ಕಾದರೂ ನಾಲ್ಕು ಜನ ಬೇಕಲ್ಲ ಎಂದು ಹೆಣ್ಣುಮಕ್ಕಳ ಸಂಘದವರನ್ನು ಕರೆದರು. ನನ್ನ ಹೆಂಡತಿ ಸಂಘದಲ್ಲಿ ಬರೆಯುವ ಕೆಲಸ ಮಾಡುತ್ತಿದ್ದಳು. ರುಜು ಹಾಕಲು ಹೋದವಳು ಎರಡು ದಿನವೂ ಅಲ್ಲೇ ಕುಳಿತು ಎಲ್ಲವನ್ನೂ ಕಲಿತು ಬಂದಳು.

ದೋಣಿ ನಡೆಸುವುದು ಗಂಡಸರ ಕೆಲಸವಾಯಿತು, ಮೋಟರನ್ನು ಕಾಯುವುದು ಇವಳದು. ಹೊಳೆ ಇಳಿದ ಮೇಲೆ ಮುಂದಿನ ಮಳೆಗಾಲದವರೆಗೆ ಅದಕ್ಕೆ ಏನೂ ಕೆಲಸವಿಲ್ಲ. ಚಳಿಗಾಲ, ಬೇಸಿಗೆ ಎರಡನ್ನೂ ಅದು ನಮ್ಮ ಪಡಸಾಲೆಯಲ್ಲೇ ಕಳೆಯುತ್ತಿತ್ತು.

"ದುಡಿದು ಕೆಡೂದು ಕಡಿಮಿ ನೋಡ್ರಿ. ಸುಮ್ನ ಕುಂತು ಕೆಡೂದ ಭಾಳ" ಎನ್ನುತ್ತಿದ್ದಳು.

ನನಗೇ ಅಂದಳೆಂದು ನಾನು ನಗುತ್ತಿದ್ದೆ.

ಮೋಟರನ್ನು ಒಳಗಿಡುವುದಕ್ಕೆ ಅವಳು ಗೊತ್ತು ಮಾಡಿಕೊಂಡಿದ್ದ ದಿನ ಮಹಾನವಮಿಯ ಖಂಡೇ ಪೂಜೆ. ಅಂದು ಊರಲ್ಲಿ ಕುಡುಗೋಲು, ಟ್ರ್ಯಾಕ್ಟರು, ನನ್ನ ಹೊಲಿಗೆ ಮಷೀನು, ಎಲ್ಲಕ್ಕೂ ಪೂಜೆ. ನಮ್ಮ ಮನೆಯ ಮುಂದೆ ಅವಳು ನೀಲಿ ಡ್ರಮ್ಮನ್ನಿಟ್ಟು ಬಾಯಿತನಕ ಬಾವಿಯ ನೀರು ತುಂಬಿಸುತ್ತಿದ್ದಳು. ನೀರಿಗೆ ಅರಿಶಿನ ಕುಂಕುಮ ಹಾಕಿ ಚೆಂಡುಹೂವು ತೇಲಿಬಿಡುತ್ತಿದ್ದಳು. ಮೋಟರಿನ ಕೆಳಗಿನ ಅರ್ಧವನ್ನು ಆ ನೀರಿಗೆ ಇಳಿಬಿಟ್ಟು, ಕಾಯಿ ಒಡೆದ ಮೇಲೆ ಹಗ್ಗ ಜಗ್ಗಿ ಚಾಲೂ ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೋಟರಿನ ಪಕ್ಕೆಯ ಸಣ್ಣ ತೂತಿನಿಂದ ನೀರು ಪಿಚಕಾರಿಯಂತೆ ಹಾರುತ್ತಿತ್ತು.

"ಕೂಸು ಉಚ್ಚಿ ಹೊಯ್ತು, ಇನ್ನ ಚಿಂತಿಲ್ಲ" ಎಂದು ಅವಳು ಹೇಳಿದರೆ ಹೆಂಗಸರೆಲ್ಲ ನಗುತ್ತಿದ್ದರು.

ನಾನು ಕಟ್ಟೆಯ ಮೇಲೆ ಕುಳಿತು ಇದನ್ನು ಪ್ರತಿ ವರ್ಷ ನೋಡುತ್ತಿದ್ದೆ. ಆ ಡ್ರಮ್ಮು, ಆ ನೀರು ಅವಳು ಮಾಡುವ ಗಂಗೆಯ ಪೂಜೆ ಎಂದೇ ನಾನು ತಿಳಿದಿದ್ದೆ. ದೋಣಿ ನೀರಿನದು, ನೀರಿಗೂ ಒಂದು ಕಾಯಿ ಒಡೆಯುತ್ತಾಳೆ ಎಂದುಕೊಂಡಿದ್ದೆ. ಅರಿಶಿನ ಕುಂಕುಮ ಹಾಕಿದ ನೀರನ್ನು ಬೇರೆ ಏನೆಂದು ತಿಳಿಯಬೇಕಿತ್ತು?

ಅವಳು ಹೋದದ್ದು ಭಾದ್ರಪದದಲ್ಲಿ. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕುಳಿತವಳು ಬಲಗೈ ಏಳುತ್ತಿಲ್ಲ ಎಂದಳು. ಹುಬ್ಬಳ್ಳಿಯ ದವಾಖಾನೆಯಲ್ಲಿ ನಾಲ್ಕು ದಿನ ಇದ್ದಳು, ಮಾತು ಬರಲಿಲ್ಲ. ಇಷ್ಟೇ. ಇದರ ಬಗ್ಗೆ ಇನ್ನೂ ಬರೆಯಲು ನನಗೆ ಆಗುವುದಿಲ್ಲ, ಮೋಟರಿನ ಬಗ್ಗೆ ಆಗುತ್ತದೆ.

ಆ ವರ್ಷ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ಮಹಾನವಮಿಯ ದಿನ ಬಾಗಿಲು ಮುಂದೆ ಮಾಡಿಕೊಂಡು ಕುಳಿತಿದ್ದೆ. ಊರ ದೋಣಿ ನೋಡಿಕೊಳ್ಳುವ ಸಮಿತಿಯ ಹಿರಿಯರೊಬ್ಬರು ನಾಲ್ಕು ಜನರನ್ನು ಕರೆದುಕೊಂಡು ಬಂದರು. ವಯಸ್ಸಾದವರು, ಊರಲ್ಲಿ ಅವರ ಮಾತು ನಡೆಯುತ್ತದೆ.

"ಹಬ್ಬ ಇಲ್ಲದ್ದು ನಿನಗ, ತಮ್ಮಾ. ಮೋಟ್ರಿಗ್ಯಾಕ ತಪ್ಪಸ್ತಿ? ಅದೇನು ನಿಮ್ಮ ಮನಿದಲ್ಲ, ಊರಂದು. ಹನುಮಪ್ಪನ ಕಟ್ಟಿಗೆ ಒಯ್ದು ಪೂಜಿ ಮಾಡಿ ತಂದಿಡತೇವಿ."

ಒಯ್ಯಲಿ ಎಂದೆ. ನಾನೂ ಹಿಂದೆ ಹೋದೆ. ಗುಡಿಯ ಮುಂದಿನ ಬೆಂಚಿನ ಬೆನ್ನಿಗೆ ಮೋಟರನ್ನು ಸಿಕ್ಕಿಸಿ, ವಿಭೂತಿ ಬಳಿದು, ಬಾಳೆಕಂದು ಕಟ್ಟಿ ಹೂವಿನ ಮಾಲೆ ಹಾಕಿದರು. ಹಗ್ಗ ಜಗ್ಗಲು ಒಬ್ಬ ಮುಂದೆ ಬಂದ. ಆಗ ಹೆಂಗಸರ ಗುಂಪಿನಿಂದ ನಮ್ಮ ಹಿತ್ತಲ ಮನೆಯ ಹೆಣ್ಣುಮಗಳು ಕೂಗಿದಳು. ಅವಳು ಸಂಘದವಳೇ. ಎಮ್ಮೆ ಕಟ್ಟಿಕೊಂಡು, ಹಾಲು ಹಾಕಿ ಬದುಕು ಮಾಡುವವಳು. ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದಳು.

"ಅಣ್ಣಾರ, ಡ್ರಮ್ಮು? ಡ್ರಮ್ ಇಟ್ಟಿಲ್ಲಲ್ರಿ!"

ಎಲ್ಲರೂ ನನ್ನ ಮುಖ ನೋಡಿದರು. ಹೆಂಡತಿ ಇಲ್ಲದೆ ಅವಳ ಪೂಜೆಯನ್ನು ಇನ್ನೊಬ್ಬರು ಮಾಡುವುದು ನನಗೆ ಬೇಡವಾಗಿತ್ತು.

"ಅದು ಆಕಿ ಪೂಜಿ. ಆಕಿ ಸಂಗಾಟ ಹೋತು. ನೀ ಸುಮ್ಮನಿರು" ಎಂದೆ. ಹತ್ತು ಜನರ ಮುಂದೆ, ಜೋರಾಗಿಯೇ ಅಂದೆ.

ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಹಗ್ಗ ಜಗ್ಗಿದರು, ಮೋಟರು ಚಾಲೂ ಆಯಿತು. ಆರತಿ ಮುಗಿಯುವವರೆಗೆ ಓಡಿತು. ಪಕ್ಕೆಯ ತೂತಿನಿಂದ ಒಂದು ಹನಿಯೂ ಬರಲಿಲ್ಲ. ಅದನ್ನು ನಾನು ನೋಡಿದೆ, ನೀರಿಲ್ಲವಲ್ಲ ಎಲ್ಲಿಂದ ಬರಬೇಕು ಎಂದುಕೊಂಡೆ. ಕೊನೆಗೆ ಏನೋ ಸುಟ್ಟ ವಾಸನೆ ಬಂತು. ಲೋಬಾನದ್ದಿರಬೇಕು ಎಂದು ಯಾರೋ ಅಂದರು. ಇರಬೇಕು ಎಂದು ನಾನೂ ಅಂದೆ.

ಆಮೇಲೆ ನನಗೆ ನೆನಪಿದ್ದಷ್ಟರಲ್ಲಿ ನಾನೇ ಅದನ್ನು ಇಟ್ಟೆ. ನನ್ನ ಹೆಂಡತಿ ಅದರ ಮೇಲೆ ತನ್ನ ಹಳೆಯ ನೂಲಿನ ಸೀರೆ ಹೊದಿಸುತ್ತಿದ್ದಳು. ದರ್ಜಿಯ ಮನೆಯಲ್ಲಿ ಹರಕು ಸೀರೆಯೇ ಎಂದು ನಾನು ಹಿಂದೆ ಎಷ್ಟೋ ಸಲ ಹಂಗಿಸಿದ್ದೆ. ಈಗ ಒಳ್ಳೆಯ ರೆಕ್ಸಿನ್ನಿನಲ್ಲಿ ಅಳತೆ ತೆಗೆದು ಒಂದು ಗವಸು ಹೊಲಿದೆ. ಎರಡು ಸಂಜೆ ಹಿಡಿಯಿತು. ಬುಡದಲ್ಲಿ ಲಾಡಿ ಇಟ್ಟು ಬಿಗಿಯಾಗಿ ಕಟ್ಟಿದೆ. ಅವಳಿಗಿಂತ ಚೆನ್ನಾಗಿ ಇಟ್ಟೆ ಎಂದು ಆ ಹೊತ್ತಿಗೆ ಅನಿಸಿದ್ದು ನಿಜ.

ಇನ್ನು ಪೆಟ್ರೋಲು. ಈ ಮೋಟರಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಹಾಕಬೇಕು. ಹೊಳೆ ಇಳಿದ ಮೇಲೆ ಉಳಿದದ್ದನ್ನು ಅವಳು ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಹೊಲಕ್ಕೆ ಔಷಧ ಹೊಡೆಯುವ ಮಷೀನಿಗೂ ಇದೇ ಬೆರಕೆ ನಡೆಯುತ್ತದೆಂದು ಇದ್ದವರನ್ನು ಕರೆದು ಹಂಚಿಬಿಡುತ್ತಿದ್ದಳು. ಆ ವರ್ಷ ಕ್ಯಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಕ್ಯಾನಿನ ಮೈಮೇಲೆ ಅವಳು ಕರಿ ಪೆನ್ನಿನಲ್ಲಿ 'ಎಣ್ಣಿ ಹಾಕೇನಿ' ಎಂದು ಬರೆದಿದ್ದಳು. ಕೇಳಲು ಬಂದವರಿಗೆ ಇಲ್ಲ ಎಂದೆ. ಮುಚ್ಚಳ ಬಿಗಿದು ಕ್ಯಾನನ್ನು ಒಳಕೋಣೆಯಲ್ಲಿ ಮಂಚದ ಕೆಳಗೆ ಇಟ್ಟುಕೊಂಡೆ. ಅವಳು ಬೆರೆಸಿದ್ದು. ಹೊಲಕ್ಕೆ ಔಷಧ ಹೊಡೆಯಲು ಕೊಡುವುದಕ್ಕೆ ಮನಸ್ಸಾಗಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಹಿರಿಯರು ಒಮ್ಮೆ ಒಳಗೆ ಬಂದವರು ಮೂಗು ಮುಚ್ಚಿಕೊಂಡರು.

"ಇದೇನ್ ಮನಿನೋ ಪೆಟ್ರೋಲ್ ಬಂಕೋ? ಒಬ್ಬನ ಇರ್ತಿ, ಒಲಿ ಹಚ್ಚತಿ. ಬೆಂಕಿ ಬಿದ್ರ ಯಾರನ್ ಕೇಳೂದು?"

"ಮುಚ್ಚಳ ಬಿಗಿ ಐತ್ರಿ."

"ನಿನ್ನ ತಲಿ ಬಿಗಿ ಇಲ್ಲಲ್ಲ. ಆಕಿ ಇದ್ಲು, ಇಲ್ಲಿತ್ತು. ಈಗ ನಿನಗ್ಯಾಕದು? ಪಂಚಾಯ್ತಿ ಖೋಲ್ಯಾಗ ಇಡೂಣು. ಕೀಲಿ ನನ್ನ ಹಂತೇಕ ಇರತೈತಿ."

ಆ ಕೋಣೆ ನನಗೆ ಗೊತ್ತು. ಮುರುಕು ಕುರ್ಚಿ, ಸಿಮೆಂಟಿನ ಚೀಲ, ಬ್ಲೀಚಿಂಗ್ ಪೌಡರಿನ ಮೂಟೆ. ಮೊದಲ ವರ್ಷವೇ ಅಲ್ಲಿಡಬೇಕೆಂಬ ಮಾತು ಬಂದಾಗ ನನ್ನ ಹೆಂಡತಿ ಬಾಗಿಲ ಚಿಲಕವನ್ನು ತೋರಿಸಿದ್ದಳಂತೆ. ಆ ಪುಡಿಯ ಹೊಗೆಗೆ ಚಿಲಕವೇ ತುಕ್ಕು ಹಿಡಿದು ಉದುರುತ್ತಿತ್ತು. ಅಲ್ಲಿಟ್ಟರೆ ಮೋಟರು ಹಾಳಾಗುತ್ತದೆ ಎಂಬುದು ಒಂದು. ಇನ್ನೊಂದನ್ನು ಹಿರಿಯರ ಮುಂದೆ ಹೇಳುವ ಹಾಗಿರಲಿಲ್ಲ. ಅವಳ ಸೀರೆಗಳನ್ನು ಮಗಳು ಒಯ್ದಿದ್ದಳು, ಸಂಘದ ಪುಸ್ತಕಗಳನ್ನು ಸಂಘದವರು ಒಯ್ದಿದ್ದರು. ಅವಳು ಪ್ರತಿ ವರ್ಷ ಕೈಯಿಟ್ಟು ನೋಡಿಕೊಂಡದ್ದೆಂದು ಮನೆಯಲ್ಲಿ ಉಳಿದದ್ದು ಅದೊಂದೇ. ಅದು ಹೋಗಬಾರದು. ಅಷ್ಟೇ ನನಗೆ ಬೇಕಾಗಿತ್ತು.

"ಯುಗಾದಿ ಮರುದಿನ ಚಾಲೂ ಮಾಡಿ ತೋರಸ್ತೇನ್ರಿ. ಆಗಲಿಲ್ಲಂದ್ರ ಒಯ್ರಿ. ಆತಂದ್ರ ಇಲ್ಲೇ ಇರಬೇಕು" ಎಂದೆ.

"ಆಗ್ಲಿಪಾ ದರ್ಜಿ" ಎಂದು ನಕ್ಕು ಹೋದರು.

ಅವರು ಹೋದ ಮೇಲೆ ಗವಸು ಬಿಚ್ಚಿದೆ. ಒಳಗೆಲ್ಲ ಬೆವೆತಿತ್ತು. ರೆಕ್ಸಿನ್ನಿನ ಒಳಮೈಗೆ ನೀರಿನ ಹನಿಗಳು, ಮೋಟರಿನ ಬೆಳ್ಳಿ ಬಣ್ಣದ ಮೈಮೇಲೆ ಉಪ್ಪಿನಂತೆ ಬಿಳಿ ಬೂಷ್ಟು. ನೂಲಿನ ಸೀರೆ ಗಾಳಿ ಬಿಡುತ್ತಿತ್ತು, ನನ್ನ ಗವಸು ಬಿಡಲಿಲ್ಲ. ಬಟ್ಟೆಯ ವಿಷಯದಲ್ಲೂ ಅವಳೇ ಸರಿ ಇದ್ದಳು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು.

ಮೋಟರನ್ನು ಗೋಣಿಚೀಲದಲ್ಲಿ ಸುತ್ತಿ, ಕ್ಯಾನಿನ ಸಮೇತ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಹಾನಗಲ್ಲಿಗೆ ಒಯ್ದೆ. ನನ್ನ ಅಂಗಡಿಯ ಎದುರಿಗೆ ಪಂಪ್‌ಸೆಟ್ ರಿಪೇರಿ ಮಾಡುವ ಮಿಸ್ತ್ರಿ ಇದ್ದಾನೆ. ಬಾಯಿ ಬಹಳ, ಕೆಲಸ ಚೆನ್ನಾಗಿ ಮಾಡುತ್ತಾನೆ. ಮೊದಲು ಕ್ಯಾನಿನ ಪೆಟ್ರೋಲನ್ನು ಒಂದು ಖಾಲಿ ನೀರಿನ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದ. ತಳದಲ್ಲಿ ಬೇರೆ ಬಣ್ಣದ ಒಂದು ಪದರ ಕುಳಿತಿತ್ತು.

"ಈಗಿನ ಪೆಟ್ರೋಲ್ ಇಟ್ರ ನೀರು ಕುಡಿತೈತಿ ಕಾಕಾ. ಇದನ್ನ ಹಾಕಿದ್ರ ಮೋಟ್ರು ಕೆಮ್ಮಿಕೆಮ್ಮಿ ಸಾಯ್ತೈತಿ."

"ಹಂಗಾರ ಏನ್ ಮಾಡೂದು?"

"ಇಲ್ಲೇ ಬಿಡ್ರಿ, ಸಾಮಾನು ತೊಳ್ಯಾಕ ನಡೀತೈತಿ."

ನಾನು ಏನೂ ಹೇಳುವ ಮೊದಲೇ ಅವನು ಅದನ್ನು ತಗಡಿನ ಬುಟ್ಟಿಗೆ ಸುರುವಿ, ಮೋಟರಿನ ಕಾರ್ಬೊರೇಟರ್ ಬಿಚ್ಚಿ ಅದರಲ್ಲಿ ಮುಳುಗಿಸಿ ಬ್ರಷ್ ಹಿಡಿದು ತಿಕ್ಕತೊಡಗಿದ. ಅಂಟಂಟಾದ ಕೆಂಪು ಜಿಡ್ಡು ಎದ್ದಿತು. ಕುಳಿತು ನೋಡಿದೆ. ಮೂರು ತಿಂಗಳು ಮಂಚದ ಕೆಳಗಿಟ್ಟು ಕಾದದ್ದು ಸಂಜೆಯೊಳಗೆ ಮಸಿ ನೀರಾಯಿತು.

ಕೆಳಗಿನ ಭಾಗ ಬಿಚ್ಚಿದಾಗ ಅವನು ಒಂದು ಸಣ್ಣ ರಬ್ಬರ್ ಚಕ್ರವನ್ನು ನನ್ನ ಅಂಗೈಯಲ್ಲಿಟ್ಟ. ಹೂವಿನ ಎಸಳಿನಂಥ ಆರು ರೆಕ್ಕೆಗಳಿರಬೇಕಾದದ್ದು. ಎರಡು ಮುರಿದಿದ್ದವು, ಉಳಿದವು ಸುಟ್ಟು ಸುರುಟಿದ್ದವು.

"ಇದನ್ನ ನೀರಿಲ್ಲದ ಓಡಸೀರಿ."

"ಪೂಜಿಗೆ ಸ್ವಲ್ಪ ಹೊತ್ತು ಚಾಲೂ ಮಾಡಿದ್ವಿ."

"ಡ್ರಮ್ಮಿನಾಗ ಇಡಲಿಲ್ಲೇನು?"

"ಆ ಡ್ರಮ್ಮು ನಮ್ಮಾಕಿ ಮಾಡೂ ಗಂಗಿ ಪೂಜಿ..."

ಅವನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಕಾಕಾ, ಇದು ನೀರು ಕುಡಕೋತ ಓಡೂ ಮಷೀನು. ಈ ಚಕ್ರ ಕೆಳಗಿಂದ ನೀರು ಎಳದು ಮೈಗೆಲ್ಲ ಕೊಡತೈತಿ, ಮೈ ತಣ್ಣಗಿರತೈತಿ. ನೀರಿಲ್ಲಂದ್ರ ಮೊದಲ ಇದ ಸುಡೂದು. ಡ್ರಮ್ಮು ಅದಕ್ಕ ಕುಡಿಯಾಕ. ಕುಂಕುಮ ಬೇಕಾದ್ರ ಹಾಕ್ಲಿ, ಬಿಡ್ಲಿ."

ಹದಿನಾಲ್ಕು ವರ್ಷ ಆ ಡ್ರಮ್ಮನ್ನು ನೋಡಿದ್ದೆ. ಯಾಕೆ ಇಡುತ್ತಿ ಎಂದು ಒಂದು ಸಲ ಕೇಳಿದ್ದರೆ ಹೇಳುತ್ತಿದ್ದಳು. ಅವಳಾದರೂ ಯಾಕೆ ಹೇಳಲಿಲ್ಲ? ಅಂಗಡಿಗೆ ವಾಪಸು ಬಂದು ಒಂದು ಜಂಪರಿನ ತೋಳನ್ನು ತಿರುವುಮುರುವಾಗಿ ಹೊಲಿದು, ಮತ್ತೆ ಬಿಚ್ಚಿದೆ. ಅವಳ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡುವುದು ಸರಿಯಲ್ಲ ಎನ್ನುತ್ತಾರೆ. ಆದರೆ ಅದು ಬರುತ್ತದೆ.

ಆ ಚಕ್ರವನ್ನು ಕಾಗದದಲ್ಲಿ ಕಟ್ಟಿಕೊಂಡು ಹೊರಟವನಿಗೆ ಯುಗಾದಿಯವರೆಗೆ ಅದೇ ಕೆಲಸವಾಯಿತು. ಶಿಗ್ಗಾಂವದಲ್ಲಿ ಹೈವೇ ಪಕ್ಕಕ್ಕೆ ಬಿಡಿಭಾಗಗಳ ಅಂಗಡಿಗಳಿವೆ, ಲಾರಿಯದು ಕಾರಿನದು ಎಲ್ಲ ಸಿಗುತ್ತದೆ. ಅಂಗಡಿಯವನು ಚಕ್ರವನ್ನು ತಿರುಗಿಸಿ ನೋಡಿ, ಯಾವ ಗಾಡಿಯದೆಂದು ಕೇಳಿದ.

"ದೋಣಿದ್ರಿ."

"ಶಿಗ್ಗಾಂವಕ್ಕ ದೋಣಿ ಸಾಮಾನು ಕೇಳಾಕ ಬಂದವ್ರು ನೀವ ಮೊದಲನೇವ್ರು ನೋಡ್ರಿ. ಸಮುದ್ರ ಆ ಕಡೆ ಐತಿ, ಘಟ್ಟ ಇಳೀಬೇಕು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನೇ ಕನಿಕರಪಟ್ಟು ಮೊಬೈಲಿನಲ್ಲಿ ಹುಡುಕಿದ. ಮೋಟರಿನ ನಂಬರು ಬೇಕೆಂದ. ಮರುದಿನ ಮಿಸ್ತ್ರಿಯ ಹತ್ತಿರ ಹೋಗಿ ಮೋಟರನ್ನು ನೋಡಿದರೆ ನಂಬರಿನ ತಗಡು ಸವೆದು ನಯವಾಗಿತ್ತು. ಅಂದಾಜಿನ ಮೇಲೆ ತರಿಸಿದ ಚಕ್ರ ಮೂರು ವಾರಕ್ಕೆ ಬಂತು, ತೂತು ದೊಡ್ಡದಾಗಿತ್ತು. ಸವಣೂರಿನಲ್ಲಿ ರಬ್ಬರಿನ ವಾಷರು ಕತ್ತರಿಸಿ ಕೊಡುವ ಸಾಹೇಬರೊಬ್ಬರು ಇದ್ದಾರೆ ಎಂದು ಯಾರೋ ಹೇಳಿದರು. ನಾನು ಹೋದದ್ದು ಶುಕ್ರವಾರ ಮಧ್ಯಾಹ್ನ, ಬಾಗಿಲು ಹಾಕಿತ್ತು. ನಮಾಜು ಮುಗಿಸಿ ಬಂದವರು ನನ್ನನ್ನು ಕೂರಿಸಿ, ಚಹಾ ತರಿಸಿ, ಟಯರಿನ ತುಂಡಿನಿಂದ ಒಂದು ಚಕ್ರವನ್ನು ಎರಡು ತಾಸು ಕುಳಿತು ಕೊರೆದರು. ನೋಡಲು ಬಹಳ ಅಂದವಾಗಿತ್ತು. ನಮ್ಮ ಮಿಸ್ತ್ರಿ ಅದನ್ನು ಬಗ್ಗಿಸಿ ನೋಡಿದ, ಬಗ್ಗಲಿಲ್ಲ. "ಇದನ್ನ ಎತ್ತಿನ ಕೊಳ್ಳಿಗೆ ಕಟ್ರಿ" ಎಂದ.

ಇಷ್ಟು ತಿರುಗುವ ಹೊತ್ತಿಗೆ ನನಗೆ ಬಸ್ಸಿನ ಕಿಟಕಿ ಕಂಡರೆ ಆಗುತ್ತಿರಲಿಲ್ಲ. ಮದುವೆ ಸೀಜನ್ನು, ಹೊಲಿಗೆಗೆ ಕೊಟ್ಟವರು ಅಂಗಡಿಯ ಮುಂದೆ ನಿಂತು ಬಯ್ಯುತ್ತಿದ್ದರು. ಕೊನೆಗೆ ದಾರಿ ತೋರಿಸಿದ್ದು ಅಳಿಯ. ಮಗಳನ್ನು ಅಬಲೂರಿಗೆ ಕೊಟ್ಟಿದೆ. ಹಿರೇಕೆರೂರು ಕಡೆಯ ಒಂದು ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆದಾರನ ಹತ್ತಿರ ಇಂಥದೇ ಮೋಟರು ಇದೆ ಎಂದು ಅವನು ಫೋನು ಮಾಡಿದ. ಹಿರೇಕೆರೂರಿನಲ್ಲಿ ಇಳಿದು, ಅಳಿಯನ ಬೈಕಿನ ಹಿಂದೆ ಕುಳಿತು ಕೆರೆಯ ಏರಿಗೆ ಹೋದೆ. ಗುತ್ತಿಗೆದಾರ ಪೆಟ್ಟಿಗೆಯಿಂದ ಹೊಸ ಚಕ್ರವೊಂದನ್ನು ತೆಗೆದು ಕೊಟ್ಟ. ನನ್ನ ಕೈಯ ಸುಟ್ಟ ಚಕ್ರವನ್ನು ನೋಡಿ, "ಯಾರ್ರಿ ಆ ಶಾಣ್ಯಾ?" ಎಂದು ಕೇಳಿದ.

"ನಾನ" ಎಂದೆ.

ಯುಗಾದಿಯ ಮರುದಿನ ಬೆಳಿಗ್ಗೆ ಮನೆಯ ಮುಂದೆ ಡ್ರಮ್ಮಿಟ್ಟು ನೀರು ತುಂಬಿದೆ. ಕುಂಕುಮ ಹಾಕಲಿಲ್ಲ. ಹಿರಿಯರು ಕುರ್ಚಿ ತರಿಸಿಕೊಂಡು ಎದುರಿಗೇ ಕುಳಿತರು. ಓಣಿಯವರು ಅರ್ಧ ಮಂದಿ ನಿಂತಿದ್ದರು. ಹಿಂದಿನ ದಿನವೇ ಮಿಸ್ತ್ರಿ ಚಕ್ರ ಕೂರಿಸಿ, ತಾಜಾ ಪೆಟ್ರೋಲಿಗೆ ಎಣ್ಣೆ ಬೆರೆಸಿಕೊಟ್ಟಿದ್ದ. ಹಗ್ಗ ಜಗ್ಗಿದೆ. ಒಂದು, ಎರಡು, ಆರನೆಯ ಸಲಕ್ಕೆ ಚಾಲೂ ಆಯಿತು. ಓಡಿತು! ನನಗೆ ಕಣ್ಣು ತುಂಬಿ ಬಂದಿತ್ತು, ಆದ್ದರಿಂದ ತೂತನ್ನು ನೋಡಲಿಲ್ಲ.

"ನೀರು ಎಲ್ಲೆಪಾ?" ಎಂದರು ಹಿರಿಯರು.

ಒಂದು ಹನಿಯೂ ಇಲ್ಲ. ಮೋಟರು ಭರ್ರನೆ ಓಡುತ್ತಿದೆ, ಡ್ರಮ್ಮಿನ ತುಂಬ ನೀರಿದೆ, ಹೊಸ ಚಕ್ರ ಹಾಕಿದೆ. ಇನ್ನೇನು ಮಾಡಬೇಕು? ಬಗ್ಗಿ ತೂತನ್ನೇ ನೋಡಿದೆ.

"ಬಂದ್ ಮಾಡ್ರಿ ಅಣ್ಣಾರ! ಮತ್ತ ಸುಡತೈತಿ, ಬಂದ್ ಮಾಡ್ರಿ!"

ಹಿತ್ತಲ ಮನೆಯ ಹೆಣ್ಣುಮಗಳು. ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ನಾನು ಬಂದ್ ಮಾಡಿದೆ. ಅವಳು ಯಾರನ್ನೂ ಕೇಳಲಿಲ್ಲ. ನಮ್ಮ ಬಾಗಿಲ ಹಿಂದಿನ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು ತೂತಿನೊಳಗೆ ತೂರಿಸಿ ತಿರುವಿದಳು. ಒಣಗಿದ ಮಣ್ಣು ಪುಡಿಪುಡಿಯಾಗಿ ಉದುರಿತು. ಕುಂಬಾರ ಹುಳ ಗೂಡು ಕಟ್ಟಿತ್ತು.

"ಖಾಲಿ ತೂತು ಕಂಡ್ರ ಬಿಡಂಗಿಲ್ರಿ ಇವು. ಅಕ್ಕ ವರ್ಷಾ ಇದಕ್ಕೊಂದು ಚಿಂದಿ ತುರುಕತಿದ್ಲು. ನಿಮ್ಮ ಅಂಗಡಿ ಚಿಂದಿನ. ಈಗ ಜಗ್ರಿ."

ಜಗ್ಗಿದೆ. ತೂತಿನಿಂದ ಮೊದಲು ಕೆಂಪು ನೀರು, ಆಮೇಲೆ ತಿಳಿ ನೀರು ಹಾರಿ ಹಿರಿಯರ ಧೋತರಕ್ಕೆ ಬಿತ್ತು. ಅವರು ಕುರ್ಚಿ ಬಿಟ್ಟು ನೆಗೆದರು.

"ಉಚ್ಚಿ ಹೊಯ್ತು ಬಿಡ್ರಿ ಕೂಸು" ಎಂದಳು ಅವಳು. ಜನ ನಕ್ಕರು.

ನಾನು ನಗಲಿಲ್ಲ. ಮೋಟರನ್ನು ನಿಲ್ಲಿಸಿ ಕೇಳಿದೆ: "ನಿನಗ ಇದೆಲ್ಲಾ ಗೊತ್ತಿತ್ತು?"

"ಗೊತ್ತಿತ್ರಿ. ಎಣ್ಣಿ ಹಾಕೂದು, ಪೆಟ್ರೋಲ್ ಬಂದ್ ಮಾಡಿ ತಾನ ಆರೂತನಕ ಓಡ್ಸೂದು, ಎಲ್ಲಾ. ಅಕ್ಕನ ಕಲಿಸಿದ್ಲು. ನೀವು ಅಂಗಡಿಗೆ ಹೋದಮ್ಯಾಲ ಇಬ್ರೂ ಕೂಡೇ ಮಾಡತಿದ್ವಿ, ನಾಕು ವರ್ಷಾತು."

"ನಾ ಶಿಗ್ಗಾಂವ, ಸವಣೂರು, ಹಿರೇಕೆರೂರು ತಿರುಗಿ ತಿರುಗಿ ಸಾಯಾಕತ್ತಿದ್ದೆ. ಗ್ವಾಡಿ ಆ ಕಡೆ ಇದ್ದಿ ನೀನು. ಬಾಯಿ ಇರಲಿಲ್ಲೇನು?"

"ಹನುಮಪ್ಪನ ಕಟ್ಟಿ ಮುಂದ ಇತ್ರಿ ಬಾಯಿ. ನೀವ ಮುಚ್ಚಿಸಿದ್ರಿ."

ಆಮೇಲೆ ಅವಳೇ ದನಿ ಇಳಿಸಿ ಅಂದಳು: "ಆಮ್ಯಾಲೆ ಅಕ್ಕ ಇಲ್ಲದ ಮನ್ಯಾಗ ನಾ ಬಂದು ಮೋಟ್ರು ಬಿಚ್ಚಕೋತ ಕುಂತ್ರ, ಓಣಿ ಮಂದಿ ಸುಮ್ಮನಿರತಿದ್ರೇನ್ರಿ? ನೀವು ಕರೀತೀರಿ ಅಂತ ಕಾದೆ. ನೀವು ಕರೀಲಿಲ್ಲ."

ಅವಳ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನನ್ನ ಹೆಂಡತಿ ತನಗೆ ಗೊತ್ತಿದ್ದುದನ್ನು ಯಾರಿಗೂ ಹೇಳದೆ ಹೋದಳೆಂದು ಎರಡು ತಿಂಗಳು ಒಳಗೊಳಗೇ ಬೈದಿದ್ದೆ. ಅವಳು ಹೇಳಿಯೇ ಹೋಗಿದ್ದಳು. ಕಲಿಯುವವರನ್ನು ನೋಡಿ ಹೇಳಿದ್ದಳು.

ಹಿರಿಯರು ಧೋತರ ಹಿಂಡಿಕೊಳ್ಳುತ್ತ, "ಆತು ತಮ್ಮಾ, ಮಾತು ಅಂದ್ರ ಮಾತು. ಇಲ್ಲೇ ಇಟಗೋ" ಎಂದರು.

ಇಷ್ಟು ದಿನ ಈ ಒಂದು ಮಾತಿಗಾಗಿಯೇ ತಿರುಗಿದ್ದೆ. ಮೋಟರಿನ ಮೈ ಮುಟ್ಟಿ ನೋಡಿದೆ, ತಣ್ಣಗಿತ್ತು. ನನ್ನ ಪಡಸಾಲೆಯಲ್ಲಿಟ್ಟರೆ ಮುಂದಿನ ಚಳಿಗಾಲಕ್ಕೂ ನಾನು ಏನಾದರೂ ಒಂದನ್ನು ಮರೆಯುತ್ತೇನೆ. ಅಥವಾ ಅವಳ ನೆನಪೆಂದು ಏನನ್ನೋ ಮುಚ್ಚಿಟ್ಟು ಕೆಡಿಸುತ್ತೇನೆ. ಆಚೆ ದಂಡೆಯಲ್ಲಿ ಯಾರಿಗಾದರೂ ನೋವು ಬಂದ ದಿನ ಅದು ಚಾಲೂ ಆಗುವುದಿಲ್ಲ.

"ಬ್ಯಾಡ್ರಿ. ಈಕಿ ಮನ್ಯಾಗ ಇರ್ಲಿ" ಎಂದೆ.

"ಊರ ಮೋಟ್ರು ಹೆಣ್ಣಮಗಳ ಕೈಯಾಗ?"

"ಇಷ್ಟ್ ವರ್ಷ ಯಾರ ಕೈಯಾಗಿತ್ರಿ?"

"ಅಯ್ಯ, ನಮ್ಮ ಮನ್ಯಾಗ ಜಾಗಾ ಎಲ್ಲೈತ್ರಿ?" ಎಂದಳು ಅವಳು. "ಎಮ್ಮಿ ಬಿಟ್ರ ನಾವ, ನಾವು ಬಿಟ್ರ ಎಮ್ಮಿ."

"ಸ್ಟ್ಯಾಂಡು ನಾ ತಂದು ಹಾಕ್ತೇನಿ. ಎಮ್ಮಿಗೆ ಸ್ವಲ್ಪ ಸರಿ ಅಂತ ಹೇಳು."

ಅಂದೇ ಇಬ್ಬರ ಸಹಾಯದಿಂದ ಗೋಡೆಯಾಚೆಗೆ ಎತ್ತಿ ಕೊಟ್ಟೆವು. ಮನೆಗೆ ಬಂದು ನೋಡಿದರೆ ಪಡಸಾಲೆಯ ಮೂಲೆಯಲ್ಲಿ ನೆಲದ ಮೇಲೆ ಎಣ್ಣೆಯ ಕಲೆ. ಎರಡು ಸಲ ತಿಕ್ಕಿದೆ, ಹೋಗಲಿಲ್ಲ. ಸರಿಯಾದ ಕೆಲಸ ಮಾಡಿದೆ ಎಂದು ಬಂದವರೆಲ್ಲ ಹೇಳಿದರು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಈ ಮಳೆಗಾಲದಲ್ಲಿ ಬಾಂದಾರ ಎರಡು ಸಲ ಮುಳುಗಿತು. ಮೋಟರು ಎರಡೂ ಸಲ ಮೊದಲ ಜಗ್ಗಿಗೇ ಚಾಲೂ ಆಯಿತಂತೆ. ನಾನು ಅಂಗಡಿಯಲ್ಲಿದ್ದೆ. ಹೊಳೆ ಇಳಿದ ಮೇಲೆ, ಮೊನ್ನೆ, ಹಿತ್ತಲ ಮನೆಯವಳು ಗೋಡೆಯ ಮೇಲಿಂದ ಕರೆದಳು. ಹಗ್ಗ ಜಗ್ಗಲು ಒಬ್ಬರು ಬೇಕಾಗಿತ್ತು. ಅಂಗಡಿಗೆ ರಜೆ ಹಾಕಿ ಹೋದೆ. ಅವಳ ಮಕ್ಕಳು, ಅತ್ತೆ ಎಲ್ಲರೂ ಅಂಗಳದಲ್ಲಿದ್ದರು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಒಂದು ಚಮಚೆ ಎಣ್ಣೆ ಬಿಟ್ಟು, ಈಗ ಜಗ್ಗಿರಿ ಎಂದಳು. ನಾನು ರೂಢಿಯಂತೆ ಜೋರಾಗಿ ಜಗ್ಗಿದೆ. ಎಣ್ಣೆ ಪಿಚಕ್ಕನೆ ಅವಳ ಮುಖಕ್ಕೆ ಹಾರಿತು.

"ಮೆಲ್ಲಕ ಜಗ್ಗಬೇಕ್ರಿ! ಎಣ್ಣಿ ಒಳಗ ಹಬ್ಬಬೇಕು, ನನ್ನ ಮಾರಿಗಲ್ಲ. ಚಾಲೂ ಮಾಡಾಕತ್ತಿಲ್ಲ, ಮಲಗಸಾಕತ್ತೇವಿ. ಅಕ್ಕ ಇದ್ರ ಈಗ ಬೈದು ಬಿಡತಿದ್ಲು."

"ನಿನಗ ಬೈತಿದ್ಲೇನು?"

"ಮೊದಲನೇ ವರ್ಷ ಭಾಳ ಬೈದಾಳ್ರಿ."

ನನಗೆ ಒಂದು ಸಲವೂ ಬೈದಿರಲಿಲ್ಲ. ನಾನು ಹಗ್ಗ ಹಿಡಿದೇ ಇರಲಿಲ್ಲ. ಎರಡನೆಯ ಸಲ ಮೆಲ್ಲಗೆ ಎಳೆದೆ. ಹಗ್ಗ ಎಷ್ಟು ಬಂತು, ಎಲ್ಲಿ ನಿಲ್ಲಿಸಬೇಕು ಎಂದು ಅವಳು ಹೇಳುತ್ತ ಹೋದಳು.